ತೊಟ್ಟಿಲಿಗೆ ಅರಗಿನ ಕೋಟಿಂಗ್

ಹಾರ್ಡ್‌ವೇರ್ ಅಂಗಡಿಗೆ ಹೋಗಿ "ಶೆಲ್ಯಾಕ್ ಇದ್ಯಾ?" ಅಂತ ಕೇಳಿದರೆ ಹತ್ತರಲ್ಲಿ ಎಂಟು ಕಡೆ "ಸ್ಯಾಂಡಿಂಗ್ ಸೀಲರ್ ಕೊಡ್ಲಾ?" ಅನ್ನೋ ಉತ್ತರ ಬರುತ್ತೆ. ಇನ್ನೆರಡು ಕಡೆ ಮುಖ ನೋಡ್ತಾರೆ. ಅದೇ ಅಂಗಡಿಯಲ್ಲಿ "ಫ್ರೆಂಚ್ ಪಾಲಿಶ್ ಮಾಡೋಕೆ ಸ್ಪಿರಿಟ್‌ನಲ್ಲಿ ನೆನೆಸ್ತಾರಲ್ಲ, ಆ ಚಕ್ಕೆ" ಅಂದು ನೋಡಿ, ಒಳಗಿಂದ ಒಂದು ಪ್ಲಾಸ್ಟಿಕ್ ಕವರ್ ಬರುತ್ತೆ. ಜೇನುತುಪ್ಪದ ಬಣ್ಣದ, ಒಡೆದ ಗಾಜಿನ ಚೂರಿನ ಹಾಗಿರೋ ತೆಳು ಚಕ್ಕೆಗಳು. ಉತ್ತರದ ಕಡೆಯ ಕಾರ್ಪೆಂಟರ್‌ಗಳು ಅದನ್ನ ಚಪಡಾ ಅಂತಾರೆ. ನಮ್ಮ ಭಾಷೆಯಲ್ಲಿ ಅದಕ್ಕೆ ಇರೋ ಹೆಸರು ಎಲ್ಲಕ್ಕಿಂತ ಹಳೇದು, ಅರಗು. ಹಳೇ ರಿಜಿಸ್ಟರ್ಡ್ ಪೋಸ್ಟ್ ಮೇಲೆ ಒತ್ತುತ್ತಿದ್ದ ಮುದ್ರೆ, ಪಾಂಡವರ ಅರಗಿನ ಮನೆ, ಚನ್ನಪಟ್ಟಣದ ಬೊಂಬೆಯ ಹೊಳಪು, ಎಲ್ಲದರ ಮೂಲ ಇದೇ.

ಈ ತಿಂಗಳು ಇದರ ಬಗ್ಗೆ ಬರೆಯೋಕೆ ಕಾರಣ ನಮ್ಮ ಮನೆಯ ತೊಟ್ಟಿಲು. ಅದರ ಕಥೆಗೆ ಬರ್ತೀನಿ. ಮೊದಲು ಸೀಲರ್ ಅಂದ್ರೇನು ಅನ್ನೋದು ಸ್ಪಷ್ಟವಾಗಲಿ, ಯಾಕಂದ್ರೆ ಮರಗೆಲಸ ಶುರು ಮಾಡಿದವರು ಇದನ್ನ ಪಾಲಿಶ್‌ನ ಇನ್ನೊಂದು ಹೆಸರು ಅಂದ್ಕೋತಾರೆ.

ಮರ ಅಂದ್ರೆ ಸಣ್ಣ ಸಣ್ಣ ಕೊಳವೆಗಳ ಕಟ್ಟು. ಮೊದಲ ಕೋಟ್ ಏನು ಹಚ್ಚಿದರೂ ಒಂದು ಕಡೆ ಜಾಸ್ತಿ ಕುಡಿಯುತ್ತೆ, ಇನ್ನೊಂದು ಕಡೆ ಕಡಿಮೆ. ಹಲಗೆಯ ತುದಿ ಅಂತೂ ಬಾಯಾರಿದ ಎಮ್ಮೆ ಥರ ಎಳೆಯುತ್ತೆ. ಈ ಕುಡಿತ ನಿಲ್ಲಿಸಿ, ಒಳಗಿನ ಎಣ್ಣೆ, ಅಂಟು, ಬಣ್ಣ ಮೇಲಕ್ಕೆ ಬರದ ಹಾಗೆ ತಡೆದು, ಮುಂದಿನ ಕೋಟ್‌ಗೆ ಸಮನಾದ ನೆಲ ಮಾಡಿಕೊಡೋದು ಸೀಲರ್ ಕೆಲಸ. ನಮ್ಮ ಕಡೆ ಹೆಚ್ಚು ಬಳಕೆಯಲ್ಲಿರೋ ಸ್ಯಾಂಡಿಂಗ್ ಸೀಲರ್ ನೈಟ್ರೋಸೆಲ್ಯುಲೋಸ್‌ನದ್ದು. ಬೇಗ ಒಣಗುತ್ತೆ, ಉಜ್ಜೋಕೆ ಸುಲಭ, ಆದರೆ ಥಿನ್ನರ್ ವಾಸನೆಗೆ ಅಪಾರ್ಟ್‌ಮೆಂಟಿನ ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ. ಅರಗಿನ ವಿಶೇಷ ಏನಂದ್ರೆ, ಅದು ವಾಸನೆ ಮತ್ತು ಅಂಟನ್ನ ತಡೆಯೋದರಲ್ಲಿ ಬಹಳ ಗಟ್ಟಿ. ಪ್ಯಾಕಿಂಗ್ ಪೈನ್ ಮರದಲ್ಲಿ ಗಂಟುಗಳಿರ್ತವಲ್ಲ, ಮೇಲೆ ಬಿಳಿ ಪೇಂಟ್ ಹೊಡೆದು ಆರು ತಿಂಗಳಿಗೆ ಅಲ್ಲಲ್ಲಿ ಹಳದಿ ಕಲೆ ಏಳುತ್ತೆ. ಆ ಗಂಟಿನ ಮೇಲೆ ಮೊದಲೇ ಅರಗಿನ ಎರಡು ಕೋಟ್ ಇದ್ದರೆ ಆ ಕಾಟ ಬಹುಮಟ್ಟಿಗೆ ಇರಲ್ಲ.

ಈಗ ತೊಟ್ಟಿಲು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಅಟ್ಟದಲ್ಲಿದ್ದ ಹಲಸಿನ ಮರದ್ದು. ಸರಪಳಿ ಹಾಕಿ ತೊಲೆಗೆ ತೂಗುಬಿಡೋ ಥರದ್ದು. ನನ್ನಮ್ಮ, ಆಮೇಲೆ ಅಕ್ಕ, ಆಮೇಲೆ ನಾನು ಮಲಗಿದ್ದು. ಅಕ್ಕನಿಗೆ ಆಗಸ್ಟ್‌ನಲ್ಲಿ ಡೆಲಿವರಿ ಅಂತ ಗೊತ್ತಾದ ವಾರವೇ ಅಮ್ಮ ಅದನ್ನ ಕೆಳಗಿಳಿಸಿದರು. ಮಾರ್ಚ್ ತಿಂಗಳು, ನಾನೂ ವರ್ಕ್ ಫ್ರಂ ಹೋಮ್ ಹಾಕಿಕೊಂಡು ಊರಲ್ಲೇ ಇದ್ದೆ. ಮರ ಗಟ್ಟಿ ಇತ್ತು, ಹುಳ ಹಿಡಿದಿರಲಿಲ್ಲ. ಹುಳ ಹಿಡೀದೇ ಇದ್ದಿದ್ದಕ್ಕೆ ಕಾರಣ ಹತ್ತಿರ ಹೋದ ತಕ್ಷಣ ಮೂಗಿಗೇ ಗೊತ್ತಾಗ್ತಿತ್ತು. ಎಷ್ಟೋ ವರ್ಷದಿಂದ ತೊಟ್ಟಿಲ ಒಳಗೆ ಹಳೇ ಬಟ್ಟೆಗಳ ಜೊತೆ ನುಸಿಗುಳಿಗೆ ತುಂಬಿಟ್ಟಿದ್ದರು.

ಅಕ್ಕ ಫೋನಲ್ಲೇ ಬೇಡ ಅಂದಳು. "ಹೊಸದು ತಗೋತೀವಿ ಅಮ್ಮ, ಅದು ವಾಸನೆ ಇದೆ." ಅಮ್ಮನಿಗೆ ಬೇಜಾರಾಯ್ತು. "ಮೂರು ಮಕ್ಕಳು ಮಲಗಿ ಎದ್ದಿದ್ದು ಕಣೇ, ಇವಳ ಮಗುವಿಗೆ ಮಾತ್ರ ಆಗಲ್ವಾ?" ಅಂತ ನನ್ನ ಹತ್ರ ಕೇಳಿದರು. ನ್ಯಾಯ ನನ್ನ ಪಾಲಿಗೆ ಬಂತು. ಇದರಲ್ಲಿ ನಾನು ಅಕ್ಕನ ಪರ ಇದ್ದೆ, ಯಾಕಂದ್ರೆ ಇದು ಬರೀ ವಾಸನೆಯ ಪ್ರಶ್ನೆ ಅಲ್ಲ. ನ್ಯಾಫ್ತಲಿನ್ ಗುಳಿಗೆಯ ಆವಿ ಕೆಲವು ಹಸುಗೂಸುಗಳಿಗೆ ನಿಜಕ್ಕೂ ಅಪಾಯ. ಜಿ6ಪಿಡಿ ಅನ್ನೋ ಕಿಣ್ವದ ಕೊರತೆ ಹುಟ್ಟಿನಿಂದ ಇರೋ ಮಕ್ಕಳಲ್ಲಿ ಅದು ಕೆಂಪು ರಕ್ತಕಣಗಳನ್ನ ಒಡೆದು ತೀವ್ರ ಕಾಮಾಲೆ ತರಬಲ್ಲದು. ಮಗು ಹುಟ್ಟೋಕೆ ಮೊದಲು ಆ ಕೊರತೆ ಇದೆಯೋ ಇಲ್ಲವೋ ನಮಗೆ ಹೇಗೆ ಗೊತ್ತಾಗಬೇಕು? ಅಕ್ಕ ತನ್ನ ಡಾಕ್ಟರ್ ಹತ್ರ ಕೇಳಿದಳು. ಅವರು ಹೇಳಿದ್ದು ಒಂದೇ ಮಾತು, ನುಸಿಗುಳಿಗೆ ವಾಸನೆ ಇರೋ ಯಾವುದನ್ನೂ, ಬಟ್ಟೆ ಆಗಲಿ ತೊಟ್ಟಿಲಾಗಲಿ, ಮಗುವಿನ ಹತ್ತಿರ ತರಬೇಡಿ. ಅಟ್ಟದಲ್ಲಿ ಹಳೇ ಮಗು ಬಟ್ಟೆ, ದುಪಟಿ ಎತ್ತಿಟ್ಟಿರೋ ಮನೆಯವರು ಈ ಪ್ಯಾರಾ ಇನ್ನೊಂದು ಸಲ ಓದಿಕೊಳ್ಳಿ. ಉಳಿದಿದ್ದು ಮರಗೆಲಸದ ವಿಷಯ, ಇದು ಹಾಗಲ್ಲ.

ಹಾಗಾಗಿ ಮೊದಲ ಕೆಲಸ ಬ್ರಶ್ ಹಿಡಿಯೋದಲ್ಲ, ಗಾಳಿಗಿಡೋದು. ಅರಗು ವಾಸನೆ ತಡೆಯುತ್ತೆ ಅಂತ ನೇರವಾಗಿ ಬಳಿದು ಮುಚ್ಚಿಬಿಟ್ಟರೆ ಆವಿ ಒಳಗೇ ಉಳಿಯುತ್ತೆ, ಮುಂದೆ ಎಲ್ಲೋ ಗೀಚಿದ ಕಡೆ ಮತ್ತೆ ಹೊರಬರುತ್ತೆ. ನುಸಿಗುಳಿಗೆ ತಾನಾಗಿ ಆವಿಯಾಗಿ ಹೋಗೋ ವಸ್ತು, ಅದಕ್ಕೇ ಅಲ್ವಾ ಬೀರುವಿನಲ್ಲಿಟ್ಟ ಉಂಡೆ ಕರಗಿ ಮಾಯವಾಗೋದು. ಬಿಸಿಲು, ಗಾಳಿ, ಸಮಯ, ಈ ಮೂರೇ ಅದಕ್ಕೆ ಮದ್ದು. ತೊಟ್ಟಿಲನ್ನ ಬಿಚ್ಚಿ ಅಡಿಕೆ ಅಂಗಳದಲ್ಲಿ ಏಪ್ರಿಲ್ ಪೂರ್ತಿ ಒಣಗಿಸಿದ್ವಿ. ಕಂಬ, ಕಂಬಿಗಳ ವಾಸನೆ ತುಂಬಾ ಇಳಿಯಿತು. ಗುಳಿಗೆ ಕೂತಿದ್ದ ತಳದ ಹಲಗೆ ಮಾತ್ರ ಬಿಸಿಲಿಗಿಟ್ಟಷ್ಟೂ ಇನ್ನಷ್ಟು ಬಿಡ್ತಾ ಇತ್ತು. ಅದನ್ನ ತೆಗೆದುಹಾಕೋದು ಅಂತ ತೀರ್ಮಾನ ಆಯ್ತು. ನಮ್ಮ ಮನೆಗೆ ಮೊದಲಿಂದ ಬರೋ ಆಚಾರ್ರು ಒಣಗಿದ ಹಲಸಿನ ಹಲಗೆ ತಂದು ಹೊಸ ತಳ ಹಾಕಿಕೊಟ್ಟರು.

ಆಚಾರ್ರ ಸಲಹೆ ಸೀಲರ್ ಮೇಲೆ ಮೆಲಮೈನ್ ಸ್ಪ್ರೇ. "ನೋಡಮ್ಮ, ಗಾಜಿನ ಥರ ಹೊಳೀತದೆ, ಹತ್ತು ವರ್ಷ ನೋಡೋದು ಬೇಡ." ಸ್ಪಿರಿಟ್ ಪಾಲಿಶ್ ಬಗ್ಗೆ ಅವರಿಗೆ ಅಪನಂಬಿಕೆ ಏನೂ ಇರಲಿಲ್ಲ, ಅವರ ಅಪ್ಪ ಮಾಡ್ತಿದ್ದಿದ್ದೇ ಅದು. "ಕೈ ನೋವು ಬರೋ ಕೆಲಸ, ಈಗ ಯಾರು ಮಾಡ್ತಾರೆ ಹೇಳಿ," ಅಂತ ನಕ್ಕರು. ನಾನು ಅರಗನ್ನೇ ಆರಿಸಿದ್ದಕ್ಕೆ ಎರಡು ಕಾರಣ. ಒಂದು, ಉಳಿದ ವಾಸನೆ ತಡೆಯೋ ಗುಣ. ಎರಡು, ಹಲ್ಲು ಬರೋ ಮಗು ಕಂಬಿ ಕಚ್ಚುತ್ತೆ. ಶುದ್ಧ ಮಾಡಿದ ಅರಗನ್ನ ಮಾತ್ರೆಗಳ ಮೇಲೆ, ಮಿಠಾಯಿ, ಸೇಬಿನ ಮೇಲೆ ಹೊಳಪಿಗೆ ಬಳಸ್ತಾರೆ, ಆಹಾರದ ಲೇಬಲ್‌ನಲ್ಲಿ ಅದರ ನಂಬರ್ ಇ904. ಅಂಗಡಿ ಚಕ್ಕೆ ತಿನ್ನೋ ದರ್ಜೆಯದ್ದಲ್ಲ, ಆದರೆ ಬೇರೇನೂ ಬೆರೆಸದ ಅರಗು, ಸ್ಪಿರಿಟ್ ಪೂರ್ತಿ ಆರಿದ ಮೇಲೆ, ನನಗೆ ಅರ್ಥವಾಗೋ ಅತಿ ಸರಳ ಲೇಪ. ಅಮ್ಮನಿಗೆ ಮಾತ್ರ ಇದು ಕೇಳಿದ ತಕ್ಷಣ ಭಾರತ ನೆನಪಾಯ್ತು. "ಮಗು ಮಲಗೋ ತೊಟ್ಟಿಲಿಗೆ ಅರಗು ಬಳೀತೀಯಾ?" ಅಂದರು. ಬೆಂಕಿಯ ಭಯ ಬೇಕಾಗಿರೋದು ಒಣಗಿದ ತೆಳು ಪದರಕ್ಕಲ್ಲ, ಹಚ್ಚುವಾಗಿನ ಸ್ಪಿರಿಟ್‌ಗೆ. ದೇವರ ದೀಪ, ಗ್ಯಾಸ್ ಒಲೆ, ಬೀಡಿ ಯಾವುದೂ ಹತ್ತಿರ ಇರಬಾರದು, ಕಿಟಕಿ ತೆರೆದಿರಬೇಕು.

ಚಕ್ಕೆ ಆರಿಸೋದು ಹೇಗೆ ಅಂತ ಕೇಳ್ತೀರಲ್ವಾ? ಅರಗು ಒಂದು ಪುಟ್ಟ ಕೀಟ ಬಿಡೋ ರಾಳ. ಮುತ್ತುಗ, ಬೋರೆ, ಸಾಗಡೆ ಮರಗಳ ಎಳೆ ಕೊಂಬೆಗೆ ಸಾಲಾಗಿ ಅಂಟಿಕೊಂಡು ರಸ ಹೀರಿ, ತಮ್ಮ ಮೈಸುತ್ತ ಚಿಪ್ಪು ಕಟ್ಟಿಕೊಳ್ತವೆ. ಆ ಕೊಂಬೆ ಕಡಿದು, ಕೆರೆದು, ತೊಳೆದು, ಕರಗಿಸಿ ಸೋಸಿ ಹಾಳೆಯಂತೆ ಎಳೆದು ಒಡೆದರೆ ಚಕ್ಕೆ. ದೇಶದಲ್ಲಿ ಅತಿ ಹೆಚ್ಚು ಬೆಳೆಯೋದು ಜಾರ್ಖಂಡ್‌ನಲ್ಲಿ. ರಾಂಚಿಯ ಹತ್ತಿರ ನಾಮ್‌ಕುಮ್‌ನಲ್ಲಿ ಅರಗಿಗೇ ಅಂತ 1924ರಲ್ಲಿ ಸಂಶೋಧನಾ ಸಂಸ್ಥೆ ಶುರುವಾಗಿತ್ತು. ವಿನೈಲ್ ಬರೋಕೆ ಮೊದಲು ಗ್ರಾಮಫೋನ್ ತಟ್ಟೆಗಳೂ ಇದರದ್ದೇ. ಕೀಟ ಸಾಯುತ್ತೆ ಅನ್ನೋ ಕಾರಣಕ್ಕೆ ಅರಗು ಬೇಡ ಅನ್ನೋ ಕುಟುಂಬಗಳಿವೆ, ಅದು ಅವರವರ ವಿಚಾರ. ರೇಷ್ಮೆ ಸೀರೆಗೆ ಏನು ನಿಲುವೋ ಇದಕ್ಕೂ ಅದೇ ಅಂತ ನಾನಂದುಕೊಂಡಿದ್ದೀನಿ.

ಬಣ್ಣದಲ್ಲಿ ಕಪ್ಪುಗೆಂಪಿನ ಗಾರ್ನೆಟ್, ಗುಂಡು ಬಿಲ್ಲೆಯ ಥರದ ಬಟನ್, ಕಿತ್ತಳೆ, ನಿಂಬೆ, ಬಣ್ಣ ತೆಗೆದ ಬ್ಲಾಂಡ್ ಹೀಗೆ ಇವೆ. ಹಲಸು, ತೇಗದಂಥ ಬೆಚ್ಚಗಿನ ಬಣ್ಣದ ಮರಕ್ಕೆ ಕಿತ್ತಳೆಯೇ ಚೆಂದ. ಬಿಳಿ ಮರವನ್ನ ಬಿಳಿಯಾಗೇ ಇಡಬೇಕಂದ್ರೆ ಬ್ಲಾಂಡ್. ಆದರೆ ಸೀಲರ್ ಆಗಿ ಬಳಸುವವರು ಬಣ್ಣಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ, ಇದರಲ್ಲಿ ಮೇಣ ಇದೆಯಾ ಇಲ್ವಾ? ಸಹಜ ಅರಗಿನಲ್ಲಿ ನೂರಕ್ಕೆ ಮೂರರಿಂದ ಐದು ಪಾಲು ಮೇಣ ಇರುತ್ತೆ. ಅರಗಿನ ಮೇಲೆ ಅರಗನ್ನೇ ಹಚ್ಚೋದಾದರೆ ಮೇಣ ತೊಂದರೆ ಕೊಡಲ್ಲ. ಮೇಲೆ ಪಾಲಿಯುರೆಥೇನ್, ಅಂದ್ರೆ ಪಿಯು ಹಚ್ಚೋದಾದರೆ ಕೊಡುತ್ತೆ. ಮೇಣದ ಮೇಲೆ ಅದು ಸರಿಯಾಗಿ ಹಿಡಿಯಲ್ಲ, ಸ್ವಲ್ಪ ದಿನಕ್ಕೆ ಸಿಪ್ಪೆ ಏಳುತ್ತೆ.

ಮೇಣ ತೆಗೆದ ಚಕ್ಕೆ ಸಿಗದಿದ್ದರೆ ಮನೆಯಲ್ಲೇ ತೆಗೆಯಬಹುದು, ತಾಳ್ಮೆ ಒಂದೇ ಬಂಡವಾಳ. 60 ಗ್ರಾಂ ಚಕ್ಕೆ ಪುಡಿ ಮಾಡಿ, ಗಾಜಿನ ಬಾಟಲಿಯಲ್ಲಿ 250 ಮಿಲಿ ಸ್ಪಿರಿಟ್‌ಗೆ ಹಾಕಿ. ಕಬ್ಬಿಣದ ಡಬ್ಬಿ ಬೇಡ, ಅರಗು ಕಪ್ಪಾಗುತ್ತೆ. ಮೊದಲ ಒಂದೆರಡು ಗಂಟೆ ಆಗಾಗ ಅಲ್ಲಾಡಿಸಿ, ಇಲ್ಲಾಂದ್ರೆ ತಳದಲ್ಲಿ ಗಟ್ಟಿ ಬೆಲ್ಲದ ಅಚ್ಚಿನ ಹಾಗೆ ಕೂತುಬಿಡುತ್ತೆ. ರಾತ್ರಿ ಕಳೆದರೆ ಕರಗಿರುತ್ತೆ. ತೆಳು ಬಟ್ಟೆಯಲ್ಲಿ ಸೋಸಿ, ಒಂದು ವಾರ ಅಲುಗಾಡಿಸದೆ ಇಡಿ. ಕೆಳಗೆ ಮಜ್ಜಿಗೆ ಬಣ್ಣದ ಮಡ್ಡಿ ಕೂರುತ್ತೆ, ಅದೇ ಮೇಣ. ಮೇಲೆ ತಿಳಿಯಾದ ಡಿಕಾಕ್ಷನ್ ಥರದ್ದು ನಿಲ್ಲುತ್ತೆ. ಸೂಜಿ ಇಲ್ಲದ ದೊಡ್ಡ ಸಿರಿಂಜ್‌ನಿಂದ ಆ ತಿಳಿಯನ್ನ ಬೇರೆ ಬಾಟಲಿಗೆ ಎಳೆದುಕೊಳ್ಳಿ. ಈ ದ್ರಾವಣ ಲೀಟರಿಗೆ 240 ಗ್ರಾಂ ಲೆಕ್ಕದ್ದು, ವಿದೇಶಿ ಪುಸ್ತಕಗಳು ಇದನ್ನೇ ಎರಡು ಪೌಂಡ್ ಕಟ್ ಅಂತವೆ. ಸೀಲರ್‌ಗೆ ಇದು ದಪ್ಪ. ಅಷ್ಟೇ ಸ್ಪಿರಿಟ್ ಬೆರೆಸಿ ಅರ್ಧಕ್ಕಿಳಿಸಿ. ಪೈನ್‌ಗೆ ಸ್ಟೇನ್ ಹಚ್ಚೋಕೆ ಮೊದಲು ಬಣ್ಣ ಕಲೆಕಲೆಯಾಗಿ ಹಿಡಿಯದಿರಲಿ ಅಂತ ಕೊಡೋ ಕೋಟ್ ಆದರೆ ಅದನ್ನೂ ಅರ್ಧ ಮಾಡಬಹುದು.

ಸ್ಪಿರಿಟ್ ಬಗ್ಗೆ ಜಾಗ್ರತೆ. ಪಾಲಿಶ್‌ಗೆ ಮಾರೋ ಡಿನೇಚರ್ಡ್ ಸ್ಪಿರಿಟ್ ವಿಷ, ಮಕ್ಕಳ ಕೈಗೆ ಸಿಗಬಾರದು, ನೀರಿನ ಬಾಟಲಿಗೆ ತುಂಬಿಡಲೇಬಾರದು. ಕೆಲವೆಡೆ ಶುದ್ಧ ಮೆಥನಾಲ್ ಕೊಡೋಕೆ ನೋಡ್ತಾರೆ, ಅದು ಉಸಿರು, ಚರ್ಮದ ಮೂಲಕವೂ ದೇಹ ಸೇರುತ್ತೆ, ಬೇಡ. 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲೂ ಅರಗು ಕರಗುತ್ತೆ, ಸ್ವಲ್ಪ ನಿಧಾನ. ಮನೆಯಲ್ಲುಳಿದ ಸ್ಯಾನಿಟೈಸರ್ ಆಗಲ್ಲ, ಅದರಲ್ಲಿ ನೀರಿದೆ. ಅರಗಿಗೂ ನೀರಿಗೂ ಆಗಿಬರಲ್ಲ, ಪದರ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗುತ್ತೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಒಳ್ಳೇ ಸ್ಪಿರಿಟ್ ಇದ್ದರೂ ಗಾಳಿಯ ತೇವಕ್ಕೇ ಹೀಗಾಗಬಹುದು. ಒಣ ದಿನ ನೋಡಿ ಸ್ಪಿರಿಟ್ ತಾಗಿಸಿದ ಬಟ್ಟೆಯಿಂದ ಹಗುರಾಗಿ ಒರೆಸಿದರೆ ಸಾಮಾನ್ಯವಾಗಿ ಬಿಳುಪು ಹೋಗುತ್ತೆ. ಆದರೂ ನಾನು ಜೂನ್‌ಗೆ ಮೊದಲೇ ಮುಗಿಸಬೇಕು ಅಂತ ಹಟ ಹಿಡಿದಿದ್ದು ಇದಕ್ಕೇ.

ಬಾಟಲಿ ಮೇಲೆ ತಾರೀಖು ಬರೆಯಿರಿ. ಕರಗಿಸಿದ ಅರಗು ಸ್ಪಿರಿಟ್ ಜೊತೆ ನಿಧಾನಕ್ಕೆ ಬೆರೆತು ಬದಲಾಗ್ತಾ ಹೋಗುತ್ತೆ, ಆರು ತಿಂಗಳ ಮೇಲೆ ನಂಬೋಕಾಗಲ್ಲ. ಅನುಮಾನ ಬಂದರೆ ಗಾಜಿನ ಮೇಲೆ ಒಂದು ಹನಿ ಹಚ್ಚಿ ಮರುದಿನ ಉಗುರಿನಿಂದ ಒತ್ತಿ ನೋಡಿ. ಗುರುತು ಬಿದ್ದರೆ, ಅಂಟಂಟಾದರೆ ಚೆಲ್ಲಿ. ಹಚ್ಚಿದ ಮೇಲೆ ಗೊತ್ತಾದರೆ ಕೆರೆದು ತೆಗೆಯೋ ಕೆಲಸ ಇದೆಯಲ್ಲ, ಶತ್ರುವಿಗೂ ಬೇಡ. ಚಕ್ಕೆಗೂ ವಯಸ್ಸಾಗುತ್ತೆ. ಹಳೇ ಚಕ್ಕೆ ಕರಗದೆ ಲೋಳೆಯಾಗಿ ಉಳಿಯುತ್ತೆ, ಅಂಗಡಿಯಲ್ಲಿ ಒಂದೇ ಗಟ್ಟಿಯಾಗಿ ಅಂಟಿಕೊಂಡಿರೋ ಪೊಟ್ಟಣ ತಗೋಬೇಡಿ.

ಹಚ್ಚೋ ಕೆಲಸ ಚುರುಕಾಗಿರಬೇಕು. ಮೆತ್ತನೆಯ ಬ್ರಶ್, ಅಥವಾ ಹಳೇ ಹತ್ತಿ ಪಂಚೆಯ ತುಂಡನ್ನ ಮಡಚಿ ಮಾಡಿದ ಪೊಟ್ಟಣ. ಎಳೆಯ ಉದ್ದಕ್ಕೆ ಒಂದೇ ಎಳೆತ, ಹಿಂದಕ್ಕೆ ಹೋಗಿ ತಿದ್ದಬಾರದು. ಅಷ್ಟರಲ್ಲಿ ಅದು ಬಿಗಿದಿರುತ್ತೆ, ತಿದ್ದಿದರೆ ಗೆರೆ ಏಳುತ್ತೆ. ಬಿಟ್ಟುಹೋದ ಜಾಗ ಮುಂದಿನ ಕೋಟ್‌ಗೆ ಸಿಗುತ್ತೆ. ಒಣ ಹವೆಯಲ್ಲಿ ಒಂದು ಗಂಟೆ ಬಿಟ್ಟು 320 ನಂಬರಿನ ಉಪ್ಪುಕಾಗದದಿಂದ ಕೈಭಾರ ಹಾಕದೆ ಉಜ್ಜಿ. ಬಿಳಿ ಪುಡಿ ಉದುರಿದರೆ ಒಣಗಿದೆ, ಕಾಗದಕ್ಕೆ ಅಂಟಿದರೆ ಇನ್ನೂ ಇಲ್ಲ. ಆಮೇಲೆ ಎರಡನೇ ಕೋಟ್. ಹೊಸ ಕೋಟ್ ಹಳೇದನ್ನ ಸ್ವಲ್ಪ ಕರಗಿಸಿ ಒಂದಾಗುತ್ತೆ, ಹಾಗಾಗಿ ಪದರ ಪದರ ಬೇರೆಯಾಗೋ ಭಯ ಇಲ್ಲ. ಬೀಟೆ ಮರ ಇದ್ದವರಿಗೆ ಒಂದು ಕಿವಿಮಾತು. ಅದರ ಬಣ್ಣ ಸ್ಪಿರಿಟ್‌ಗೆ ಬಿಡುತ್ತೆ. ಮೈಸೂರಿನ ಕುಸುರಿ ಥರ ಬೀಟೆಯೊಳಗೆ ಬಿಳಿ ಮರ ಕೂರಿಸಿದ್ದರೆ, ಬಿಳಿ ಭಾಗಕ್ಕೆ ಸಣ್ಣ ಬ್ರಶ್‌ನಲ್ಲಿ ಮೊದಲು ಹಚ್ಚಿ ಒಣಗಿಸಿ, ಆಮೇಲೆ ಉಳಿದಿದ್ದು. ಚನ್ನಪಟ್ಟಣದವರು ಈ ಸ್ಪಿರಿಟ್ ತಂಟೆಯನ್ನೇ ಇಟ್ಟುಕೊಂಡಿಲ್ಲ. ತಿರುಗೋ ಹಾಲೆ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಬಿಸಿಗೇ ಕರಗಿ ಹಿಡಿಯುತ್ತೆ, ಕೇದಗೆ ಗರಿಯಿಂದ ಒರೆಸಿದರೆ ಹೊಳಪು.

ತೊಟ್ಟಿಲಿಗೆ ಹಚ್ಚೋ ಮೊದಲು ಅಕ್ಕನಿಗೆ ಒಂದು ಸಾಕ್ಷಿ ಬೇಕಿತ್ತು. ನನಗೂ. ತೆಗೆದುಹಾಕಿದ್ದ ತಳದ ಹಲಗೆಯಿಂದ ಒಂದೇ ಅಳತೆಯ ಎರಡು ತುಂಡು ಕುಯ್ದು, ಒಂದಕ್ಕೆ ಆರೂ ಮುಖಕ್ಕೆ ಮೂರು ಕೋಟ್ ಅರಗು ಹಚ್ಚಿ ಎರಡು ದಿನ ಆರಿಸಿದೆ. ಇನ್ನೊಂದು ಹಾಗೇ. ಎರಡನ್ನೂ ಬೇರೆ ಬೇರೆ ಉಪ್ಪಿನಕಾಯಿ ಬಾಟಲಿಯಲ್ಲಿ ಹಾಕಿ ಮುಚ್ಚಳ ಬಿಗಿದು ಒಂದು ವಾರ ಇಟ್ಟೆ. ಯಾವುದು ಯಾವುದು ಅಂತ ಹೇಳದೆ, ಪೇಪರ್ ಸುತ್ತಿ ಅಮ್ಮನ ಕೈಗೆ ಕೊಟ್ಟೆ. ಮೊದಲನೇದು ತೆಗೆದ ತಕ್ಷಣ ಮುಖ ಸಿಂಡರಿಸಿ ಅಂಗಳಕ್ಕೆ ಹೋದರು. ಎರಡನೇದನ್ನ ಮೂರು ಸಲ ಮೂಸಿ, "ಏನೂ ಇಲ್ವಲ್ಲೇ, ಬರೀ ಪಾಲಿಶ್ ವಾಸನೆ," ಅಂದರು. ಎರಡು ತುಂಡು, ಒಂದು ಮೂಗು, ಇದನ್ನ ಸಂಶೋಧನೆ ಅನ್ನೋಕಾಗಲ್ಲ ಅಂತ ನನಗೂ ಗೊತ್ತು. ಆದರೆ ಅತಿ ಕೆಟ್ಟ ವಾಸನೆಯ ಹಲಗೆಯಲ್ಲೇ ಹೀಗಾದರೆ, ತಿಂಗಳು ಬಿಸಿಲು ಕಂಡ ಕಂಬಿಗಳಲ್ಲಿ ಸಾಕು ಅನ್ನಿಸಿತು. ಅಕ್ಕ ವಿಡಿಯೋ ಕಾಲ್‌ನಲ್ಲಿ ಇದನ್ನೆಲ್ಲ ನೋಡಿ ಒಂದು ಷರತ್ತು ಹಾಕಿದಳು. ಮಗು ಬಂದ ದಿನ ತಾನೇ ಮೂಸಿ ನೋಡ್ತೀನಿ, ಸ್ವಲ್ಪ ಅನುಮಾನ ಬಂದರೂ ಹೊಸ ತೊಟ್ಟಿಲು. ಅಮ್ಮ ಒಪ್ಪಿದರು, ಸ್ವಲ್ಪ ಗೊಣಗಿಕೊಂಡೇ.

ಕಂಬ, ಕಂಬಿ, ಚೌಕಟ್ಟಿಗೆಲ್ಲ ಒಟ್ಟು ನಾಲ್ಕು ಕೋಟ್ ಅರಗು, ಮೇಲೆ ಬೇರೇನೂ ಇಲ್ಲ. ಹೊಸ ತಳಕ್ಕೆ ಮಾತ್ರ ಲೆಕ್ಕ ಬೇರೆ. ಅರಗಿಗೆ ಮೂರು ವೈರಿಗಳು, ಬಿಸಿ, ಸ್ಪಿರಿಟ್, ಕ್ಷಾರ. 70 ಡಿಗ್ರಿ ಆಸುಪಾಸಿಗೆ ಮೆತ್ತಗಾಗುತ್ತೆ, ಅದಕ್ಕೇ ಊಟದ ಮೇಜಿಗೆ ಬರೀ ಅರಗು ಬೇಡ, ಬಿಸಿ ಕಾಫಿ ಲೋಟ ಬಿಳಿ ಉಂಗುರ ಬಿಡುತ್ತೆ. ಸೋಪು, ಸೋಡಾ, ಅಮೋನಿಯಕ್ಕೂ ಕರಗುತ್ತೆ. ಮಗುವಿನ ಉಚ್ಚೆ ಹಾಸಿಗೆ ದಾಟಿ ತಳಕ್ಕಿಳಿದು ನಿಂತರೆ ಅಮೋನಿಯ ಆಗುತ್ತೆ ಅನ್ನೋದು ಮಗು ಸಾಕಿದ ಎಲ್ಲರ ಮೂಗಿಗೂ ಗೊತ್ತು. ಹಾಗಾಗಿ ತಳಕ್ಕೆ ಮೇಣ ತೆಗೆದ ಅರಗಿನ ಒಂದೇ ತೆಳು ಕೋಟ್, ಅದರ ಮೇಲೆ ನೀರಿನಲ್ಲಿ ಕಲಸೋ ಪಿಯು ಮೂರು ಕೋಟ್. ಇದು ನಿಜವಾದ ಅರ್ಥದಲ್ಲಿ ಸೀಲರ್ ಕೆಲಸ. ನೀರಿನ ಪಿಯು ನೇರವಾಗಿ ಹಚ್ಚಿದರೆ ಹಲಸಿನ ಎಳೆ ಎದ್ದು ಗಡ್ಡ ಬಿಟ್ಟ ಹಾಗಾಗುತ್ತೆ, ಅರಗು ಅದನ್ನ ತಡೆಯಿತು. ಮೇ ಮೂರನೇ ವಾರಕ್ಕೆ ಎಲ್ಲ ಮುಗಿದು, ಎರಡು ತಿಂಗಳು ಗಾಳಿಯಾಡೋ ಕೋಣೆಯಲ್ಲಿ ಆರಿತು.

ಆಗಸ್ಟ್‌ನಲ್ಲಿ ಅಕ್ಕ ಮಗು ಎತ್ತಿಕೊಂಡು ಬಂದವಳು ಮೊದಲು ಮಗುವನ್ನ ನನ್ನ ಕೈಗೆ ಕೊಟ್ಟು, ಮಂಡಿಯೂರಿ ತೊಟ್ಟಿಲಿನ ನಾಲ್ಕೂ ಮೂಲೆಗೆ ಮೂಗಿಟ್ಟಳು. ಆಚಾರ್ರೂ ಅವತ್ತು ಬಂದಿದ್ದರು, "ತಳ ಮೂಸು ತಂಗಿ, ತಳ," ಅಂತ ಅವರ ನಿರ್ದೇಶನ ಬೇರೆ. ಅದೂ ಆಯ್ತು. ಬಾರಸೆಗೆ ಅದೇ ತೊಟ್ಟಿಲು ತೂಗಿತು.

ಬ್ರಶ್ ತೊಳೆಯೋದು ಹೇಗೆ ಅಂತ ಯಾರಾದರೂ ಕೇಳೇ ಕೇಳ್ತೀರಿ. ತೊಳೆಯಬೇಕಾಗಿಲ್ಲ. ಕೂದಲು ನೇರ ಮಾಡಿ ಹಾಗೇ ಒಣಗೋಕೆ ಬಿಡಿ, ಕಲ್ಲಿನ ಥರ ಆಗುತ್ತೆ. ಮುಂದಿನ ಸಲ ಅರ್ಧ ಗಂಟೆ ಸ್ಪಿರಿಟ್‌ನಲ್ಲಿ ನಿಲ್ಲಿಸಿದರೆ ಮತ್ತೆ ಮೆತ್ತಗಾಗುತ್ತೆ. ತುರ್ತಿದ್ದರೆ ಬಿಸಿನೀರಿಗೆ ಚಿಟಿಕೆ ವಾಷಿಂಗ್ ಸೋಡಾ ಹಾಕಿ ಅದ್ದಿ, ನಿಮಿಷದಲ್ಲಿ ಬಿಡುತ್ತೆ. ತಳಕ್ಕೆ ಅರಗೊಂದೇ ಸಾಲದು ಅಂದೆನಲ್ಲ, ಯಾಕೆ ಅನ್ನೋದು ಆ ನೀರಿನ ಬಣ್ಣ ನೋಡಿದರೆ ಗೊತ್ತಾಗುತ್ತೆ.